ಇದು ಯಾವ ಸೀ ಸ್ಲಗ್ ಅಂತ ಕೇಳುವವರಿಗೆ

ಪ್ರಶ್ನೆ ಯಾವಾಗಲೂ ಒಂದೇ. ‘ಸ್ನಾರ್ಕೆಲಿಂಗ್ ಮಾಡುವಾಗ ಒಂದು ಬಣ್ಣದ ಹುಳ ನೋಡಿದೆ, ಯಾವುದು ಅಂತ ಹೇಳ್ತೀರಾ?’ ಜೊತೆಗೊಂದು ಫೋಟೊ. ಅದರಲ್ಲಿ ಮುಕ್ಕಾಲು ಪಾಲು ನೀಲಿ ನೀರು, ಮೂಲೆಯಲ್ಲಿ ಯಾರದೋ ಕಾಲು, ನಡುವೆ ಒಂದು ಚುಕ್ಕೆ. ಆ ಚುಕ್ಕೆಯ ಹೆಸರು ನಾನು ಹೇಳಬೇಕು. ಫೋಟೊ ಇಲ್ಲದವರಿಗೆ ಇನ್ನೂ ಧೈರ್ಯ ಜಾಸ್ತಿ. ‘ನೀಲಿ ಇತ್ತು, ಹಳದಿ ಇತ್ತು, ತುಂಬಾ ಚೆನ್ನಾಗಿತ್ತು’ ಅಂತ ಹೇಳಿ ಸುಮ್ನೆ ನನ್ನ ಮುಖ ನೋಡುತ್ತಾ ನಿಲ್ಲುತ್ತಾರೆ.

ಹೇಳಿ ಹೇಳಿ ಬಾಯಿ ಬಿದ್ದುಹೋಗಿದೆ. ಇನ್ನು ಮುಂದೆ ಕೇಳಿದವರಿಗೆಲ್ಲ ಇದನ್ನೇ ಕಳಿಸುತ್ತೇನೆ. ಬೇಜಾರಾದರೆ ಆಗಲಿ.

ಮೊದಲನೆಯದಾಗಿ ಅದು ಹುಳ ಅಲ್ಲ. ಸೀ ಸ್ಲಗ್, ಅಂದರೆ ಕಡಲಿನ ಬಸವನಹುಳುವಿನ ಬಳಗ. ಮೊಟ್ಟೆಯಿಂದ ಬಂದಾಗ ಹೆಚ್ಚಿನವಕ್ಕೆ ಚಿಪ್ಪು ಇರುತ್ತದೆ, ಬೆಳೆಯುವಾಗ ಅದನ್ನು ಕಳಚಿಬಿಡುತ್ತವೆ. (ಬಸವನಹುಳು ಅನ್ನೋದರಲ್ಲೇ ಹುಳು ಇದೆಯಲ್ಲ ಅಂತ ಒಬ್ಬರು ವಾದಕ್ಕೆ ಬಂದಿದ್ದರು. ಸರಿ ಸ್ವಾಮಿ, ನೀವೇ ಗೆದ್ದಿರಿ.)

ಎರಡನೆಯದು ಬಣ್ಣ. ಎಲ್ಲರೂ ಬಣ್ಣದಿಂದಲೇ ಶುರು ಮಾಡುತ್ತಾರೆ, ನನಗೆ ಉರಿಯೋದು ಅಲ್ಲೇ. ನೀರು ಕೆಂಪು ಬೆಳಕನ್ನು ಮೊದಲು ನುಂಗುತ್ತದೆ. ಕೆಲವೇ ಮೀಟರ್ ಆಳದಲ್ಲಿ ಕೆಂಪು ಇದ್ದದ್ದು ಮಂಕಾಗಿ ಕಂದಾಗುತ್ತದೆ, ಫೋನಿನ ಕ್ಯಾಮೆರಾ ಉಳಿದದ್ದಕ್ಕೆಲ್ಲ ನೀಲಿ ಬಳಿಯುತ್ತದೆ. ಹೋಗಲಿ, ಬಣ್ಣ ಸರಿಯಾಗೇ ಕಂಡಿತು ಅಂತಿಟ್ಟುಕೊಳ್ಳೋಣ. ಆಗಲೂ ಕಷ್ಟ. ನೀಲಿ, ಕಪ್ಪು, ಹಳದಿ ಗೆರೆಗಳ ಕ್ರೋಮೊಡೊರಿಸ್ ಅನ್ನೋ ಸ್ಲಗ್‌ಗಳಲ್ಲಿ ಬೇರೆ ಬೇರೆ ಜಾತಿಗಳು ಒಂದೇ ಥರ ಕಾಣುತ್ತವೆ, ಒಂದೇ ಜಾತಿ ಒಂದೊಂದು ಕಡೆ ಒಂದೊಂದು ಥರ ಕಾಣುತ್ತದೆ. 2018ರಲ್ಲಿ ಡಿಎನ್‌ಎ ನೋಡಿದವರೇ ಇದನ್ನು ತೋರಿಸಿಕೊಟ್ಟರು. ನಿಮ್ಮ ಚುಕ್ಕೆ ನೋಡಿ ನಾನು ಏನು ಹೇಳಲಿ?

ಅಳತೆಯನ್ನಂತೂ ಕೇಳಲೇಬೇಡಿ. ಮಾಸ್ಕ್ ಹಾಕಿಕೊಂಡು ನೀರಿನೊಳಗೆ ನೋಡಿದರೆ ಎಲ್ಲವೂ ಮೂರರಲ್ಲೊಂದು ಪಾಲು ದೊಡ್ಡದಾಗಿ ಕಾಣುತ್ತದೆ. ದಡಕ್ಕೆ ಬರುವಷ್ಟರಲ್ಲಿ ಇನ್ನೂ ಸ್ವಲ್ಪ ಬೆಳೆದಿರುತ್ತದೆ. ಅಂಗೈಯಷ್ಟು ಇತ್ತು ಅಂದರೆ ನಾನು ಹೆಬ್ಬೆರಳಷ್ಟು ಅಂತ ಬರೆದುಕೊಳ್ಳುತ್ತೇನೆ.

ನೋಡಬೇಕಾದದ್ದು ಕೊಂಬು. ತಲೆಯ ಮೇಲೆ ಎರಡು ಇರುತ್ತವೆ, ಅವೇ ಅದರ ಮೂಗು. ಆಮೇಲೆ ಬೆನ್ನು. ಹಿಂಭಾಗದಲ್ಲಿ ಹೂವಿನಂತೆ ಅರಳಿದ ಕಿವಿರಿದ್ದರೆ ಡೊರಿಡ್ ಗುಂಪು (ಆ ಹೂವಿನ ನಟ್ಟನಡುವೆ ಗುದದ್ವಾರ ಇರುತ್ತದೆ, ಫೋಟೊಗೆ ಹಾರ್ಟ್ ಒತ್ತುವವರಿಗೆ ಗೊತ್ತಿರಲಿ). ಬೆನ್ನ ತುಂಬ ಬೆರಳಿನಂಥ ಎಸಳುಗಳಿದ್ದರೆ ಹೆಚ್ಚಾಗಿ ಇಯೊಲಿಡ್. ಕಾಗದದಷ್ಟು ತೆಳ್ಳಗಿದ್ದು, ಕಿವಿರೇ ಇಲ್ಲದೆ, ಕೊಂಬಿನ ಜಾಗದಲ್ಲಿ ಅಂಚು ಮಡಚಿಕೊಂಡಿದ್ದರೆ ಅದು ಸ್ಲಗ್ಗೇ ಅಲ್ಲ, ಚಪ್ಪಟೆ ಹುಳ. ಆಗ ಮಾತ್ರ ಹುಳ ಅನ್ನಿ.

ಇಷ್ಟೆಲ್ಲ ಗೊತ್ತಿರುವ ನಾನು ಏನು ಮಾಡಿದೆ ಅಂತ ಕೇಳಿ.

ಎದೆಮಟ್ಟದ ನೀರು. ಹವಳದ ಮೇಲೆ ಎರಡು ಇಂಚಿನದ್ದೊಂದು ಕೂತಿತ್ತು. ಬೂದುನೀಲಿ ಮೈ, ಉದ್ದಕ್ಕೆ ಕಪ್ಪು ಗೆರೆ, ಮೇಲೆಲ್ಲ ಹಳದಿ ಗುಳ್ಳೆ. ಫಿಲಿಡಿಯಾ ವ್ಯಾರಿಕೋಸ! ಫ್ರೆಂಚ್ ವಿಜ್ಞಾನಿ ಲಾಮಾರ್ಕ್ 1801ರಲ್ಲೇ ಹೆಸರಿಟ್ಟ ಸ್ಲಗ್, ಹಳೇ ಕುಳ. ತಲೆ ಎತ್ತಿ, ಬಾಯಿಂದ ಸ್ನಾರ್ಕೆಲ್ ತೆಗೆದು, ಜೊತೆಗಿದ್ದ ಐದೂ ಜನಕ್ಕೆ ಪಾಠ ಶುರು ಮಾಡಿದೆ. ಮುಟ್ಟಬೇಡಿ, ವಿಷದ ಲೋಳೆ ಬಿಡುತ್ತದೆ, ತೊಟ್ಟಿಗೆ ಹಾಕಿದರೆ ಮೀನುಗಳು ಸಾಯಬಹುದು. ಬೆನ್ನ ಮೇಲೆ ಕಿವಿರು ಹುಡುಕಬೇಡಿ, ಇದರದ್ದು ಅಂಚಿನ ಕೆಳಗೆ ಇರುತ್ತದೆ. ಎಲ್ಲರೂ ತಲೆಯಾಡಿಸಿದರು. ಒಳ್ಳೆಯ ದಿನ.

ರಾತ್ರಿ ಫೋಟೊ ದೊಡ್ಡದು ಮಾಡಿ ನೋಡಿದರೆ ಕೊಂಬಿಲ್ಲ. ಒಳಗೆ ಎಳೆದುಕೊಂಡಿರಬೇಕು ಅಂದುಕೊಂಡೆ. ಮುಂದಿನ ಫೋಟೊದಲ್ಲೂ ಇಲ್ಲ. ಅದರ ಮುಂದಿನದರಲ್ಲಿ ಮೈಯಡಿಯಿಂದ ಸಣ್ಣ ಸಣ್ಣ ಕೊಳವೆ ಕಾಲುಗಳು ಇಣುಕುತ್ತಿದ್ದವು. ಅದು ಸ್ಲಗ್ ಅಲ್ಲ, ಕಡಲ ಸೌತೆಯ (ಸೀ ಕುಕುಂಬರ್, ನಕ್ಷತ್ರಮೀನಿನ ಬಳಗದ ಪ್ರಾಣಿ) ಮರಿ! ಪಿಯರ್ಸನೋಥೂರಿಯಾ ಗ್ರೇಫಿ ಅಂತ ಹೆಸರು. ದೊಡ್ಡದಾದ ಮೇಲೆ ಕಂದು ಮೈಯ ಸಾಧು ಪ್ರಾಣಿ, ಮರಿಯಾಗಿದ್ದಾಗ ಮಾತ್ರ ವಿಷದ ಸ್ಲಗ್‌ನ ವೇಷ. ಮೀನುಗಳಿಗೆ ಅಂತ ಹಾಕಿದ ವೇಷಕ್ಕೆ ಬಿದ್ದದ್ದು ನಾನು. ಐದೂ ಜನಕ್ಕೆ ತಿದ್ದುಪಡಿ ಕಳಿಸಿದೆ, ಒಬ್ಬರೂ ಓದಲಿಲ್ಲ. ಅವರಲ್ಲೊಬ್ಬರು ಇವತ್ತಿಗೂ ಸಿಕ್ಕವರಿಗೆಲ್ಲ ಆ ವಿಷದ ಸ್ಲಗ್ ಕಥೆ ಹೇಳುತ್ತಾರೆ, ಪಕ್ಕದಲ್ಲಿ ನನ್ನನ್ನೇ ಸಾಕ್ಷಿಗೆ ನಿಲ್ಲಿಸಿಕೊಂಡು.

ಅವತ್ತು ಅದು ಏನು ತಿನ್ನುತ್ತಿತ್ತು ಅಂತ ಯಾರಾದರೂ ಕೇಳಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು. ಫಿಲಿಡಿಯಾ ತಿನ್ನೋದು ಸ್ಪಂಜು ಅನ್ನೋ ಕಡಲ ಪ್ರಾಣಿಯನ್ನು, ಅದರ ವಿಷ ಬರೋದೂ ಅಲ್ಲಿಂದಲೇ. ನನ್ನ ‘ಫಿಲಿಡಿಯಾ’ದ ಸುತ್ತ ಒಂದು ಚೂರೂ ಸ್ಪಂಜು ಇರಲಿಲ್ಲ.

ಇಷ್ಟು ವರ್ಷದಲ್ಲಿ ‘ಏನು ತಿನ್ನುತ್ತದೆ’ ಅನ್ನೋ ಈ ಪ್ರಶ್ನೆ ನನ್ನನ್ನು ಯಾರೂ ಕೇಳಿಲ್ಲ, ಕೇಳಿದರೆ ಸಂಜೆವರೆಗೂ ಹೇಳುತ್ತೇನೆ. ಇಯೊಲಿಡ್‌ಗಳು ಹೈಡ್ರಾಯ್ಡ್‌ಗಳಂಥ ಚುಚ್ಚುವ ಪುಟ್ಟ ಕಡಲ ಪ್ರಾಣಿಗಳನ್ನು ತಿಂದು, ಅವುಗಳ ಚುಚ್ಚುವ ಕಣಗಳನ್ನು ಸಿಡಿಯದಂತೆ ಉಳಿಸಿಕೊಂಡು, ಬೆನ್ನಿನ ಎಸಳುಗಳ ತುದಿಯಲ್ಲಿ ಶೇಖರಿಸಿಡುತ್ತವೆ. ಕದ್ದ ಬಂದೂಕಿನಲ್ಲೇ ಕಾವಲು! ಎಲೆಯಂತೆ ಹಸಿರಾಗಿರುವ ಎಲಿಸಿಯಾ ಅನ್ನೋ ಸ್ಲಗ್‌ಗಳು ಪಾಚಿಯ ರಸ ಹೀರುತ್ತವೆ. ಅವುಗಳಲ್ಲಿ ಕೆಲವು ಆ ಪಾಚಿಯ ಹರಿತ್ತಿನ ಕಣಗಳನ್ನು ಮೈಯಲ್ಲೇ ಇಟ್ಟುಕೊಂಡು ತಿಂಗಳುಗಟ್ಟಲೆ ಉಳಿಸಿಕೊಳ್ಳುತ್ತವೆ. ತುಂಬಾ ಸ್ಲಗ್‌ಗಳಿಗೆ ಒಂದೆರಡು ಬಗೆಯ ಊಟ ಬಿಟ್ಟರೆ ಬೇರೆ ಸೇರೋದಿಲ್ಲ. ಹಾಗಾಗಿ ಅದು ಕೂತ ಜಾಗದ ಫೋಟೊ, ಅದರದೇ ಫೋಟೊದಷ್ಟು ಕೆಲಸಕ್ಕೆ ಬರುತ್ತದೆ. ನೀವು ಆ ಜಾಗವನ್ನೇ ಕ್ರಾಪ್ ಮಾಡಿ ತೆಗೆದು ಕಳಿಸುತ್ತೀರಿ.

ಮೊನ್ನೆ ಮತ್ತೊಬ್ಬರ ಫೋಟೊ ಬಂತು. ಅದೇ ನೀಲಿ ನೀರು, ಅದೇ ಚುಕ್ಕೆ. ಬೈಯಬೇಕು ಅಂತಿದ್ದೆ. ಕೆಳಗೆ ಬರೆದಿದ್ದರು: ‘ಪಕ್ಕದಲ್ಲಿ ಬಿಳಿ ರಿಬ್ಬನ್ ಸುತ್ತಿಟ್ಟ ಹಾಗೆ ಏನೋ ಇತ್ತು, ಕಸ ಇರಬೇಕು ಅಂತ ಅದನ್ನ ಬಿಟ್ಟು ತೆಗೆದೆ.’

ಅಯ್ಯೋ ಮಾರಾಯ್ರೇ, ಅದು ಮೊಟ್ಟೆ.