ಒಂದು ಮಾತೂ ಆಡದ ಜನ

16 ಮಾರ್ಚ್ 2025, ಭಾನುವಾರ
ಚಿಕ್ಕಮಗಳೂರು

ಈಸ್ಟರಿಗೆ ಮುಂಚಿನ ಉಪವಾಸದ ಕಾಲ, ಲೆಂಟಿನ ಎರಡನೇ ಭಾನುವಾರ. ನಮ್ಮ ಚರ್ಚಿನ ಪಾದ್ರಿ ಅಯ್ಯನವರು ಇವತ್ತು ಪ್ರಸಂಗಕ್ಕೆ ಬೈಬಲಿನ ಒಂದನೆಯ ಅರಸುಗಳು 18ನೇ ಅಧ್ಯಾಯ ತಗೊಂಡರು. ಕರ್ಮೆಲ್ ಬೆಟ್ಟ, ಯೆಹೋವನ ಪ್ರವಾದಿ ಎಲೀಯ, ಅವನೆದುರು ಬಾಳ್ ಅನ್ನೋ ದೇವರ 450 ಪ್ರವಾದಿಗಳು. ಇನ್ನೂ ಎಷ್ಟು ದಿನ ಎರಡು ಮನಸ್ಸಲ್ಲಿ ಇರ್ತೀರಿ ಅಂತ ಎಲೀಯ ಕೇಳೋ ಜಾಗ ಬಂದಾಗ ದನಿ ಏರಿಸಿ ನಮ್ಮ ಕಡೆಗೇ ನೋಡಿದರು.

ಸಂಡೇ ಸ್ಕೂಲಿನಿಂದ ಕೇಳಿದ ಕಥೆ ಇದು. ಬಲಿಪೀಠದ ಮೇಲೆ ಬೆಂಕಿ ಇಳಿಸೋನೇ ನಿಜವಾದ ದೇವರು ಅಂತ ಪರೀಕ್ಷೆ ಇಟ್ಟಾಗ ಆಕಾಶದಿಂದ ಬೆಂಕಿ ಇಳಿದಿದ್ದು ಎಲ್ಲರಿಗೂ ನೆನಪಿರುತ್ತೆ. ನನ್ನ ತಲೆಯಲ್ಲಿ ಕೂತಿದ್ದು ಅದಕ್ಕೂ ಮುಂಚಿನ ಮಾತು. ಎಲೀಯ ಪ್ರಶ್ನೆ ಕೇಳಿದಾಗ ಜನ ಬಾಯಿಯೇ ಬಿಡಲಿಲ್ಲ.

ಯಾಕೆ ಬಿಡಲಿಲ್ಲ? ಅವರೇನೂ ತಮ್ಮ ಇಸ್ರಾಯೇಲಿನ ದೇವರು ಯೆಹೋವನನ್ನು ಪೂರ್ತಿ ಬಿಟ್ಟವರಲ್ಲ. ಆದರೆ ಬಾಳ್ ಮಳೆಯ ದೇವರು. 1928ರಲ್ಲಿ ಸಿರಿಯಾದ ಕರಾವಳಿಯಲ್ಲಿ ಉಳುತ್ತಿದ್ದ ರೈತನೊಬ್ಬನಿಗೆ ಹಳೇ ಸಮಾಧಿ ಸಿಕ್ಕಿ, ಆಮೇಲೆ ಅಗೆದವರಿಗೆ ಉಗರಿತ್ ಅನ್ನೋ ಪಟ್ಟಣವೇ ಸಿಕ್ಕಿತು. ಅಲ್ಲಿನ ಜೇಡಿಮಣ್ಣಿನ ಹಲಗೆಗಳಲ್ಲಿ ಬಾಳ್ ಮೋಡದ ಮೇಲೆ ಸವಾರಿ ಮಾಡ್ತಾನೆ. ಬೇಸಾಯಗಾರ ಅವನನ್ನು ಕೈಬಿಡೋದು ಹೇಗೆ? ಅದೂ ಮೂರನೇ ವರ್ಷದ ಬರದಲ್ಲಿ. ಯೆಹೋವನೂ ಇರಲಿ, ಮಳೆಗೆ ಬಾಳನೂ ಇರಲಿ ಅಂದುಕೊಂಡಿದ್ದರು, ಅಷ್ಟೇ. ಕಾಫಿ ಗಿಡದ ಮೊಗ್ಗು ಅರಳಿಸೋ ಹೂಮಳೆಗೆ ಕಾಯ್ತಾ ಆಕಾಶ ನೋಡೋ ನಮ್ಮ ಕಡೆಯವರಿಗೆ ಆ ಭಯ ಹೊಸದಲ್ಲ.

ಅಂಥ ಬರದಲ್ಲಿ ಎಲೀಯ ಬಲಿಪೀಠದ ಸೌದೆ ಮೇಲೆ ನೀರು ಹುಯ್ಯಿಸ್ತಾನೆ. ನಾಲ್ಕು ಕೊಡ, ಮೂರು ಸಲ. ಸುತ್ತ ತೋಡಿದ ಕಾಲುವೆಯೂ ತುಂಬುತ್ತೆ. ಆ ಕೊಡ ಹೊತ್ತವರ ಬಗ್ಗೆ ಯಾರೂ ಪ್ರಸಂಗ ಮಾಡಲ್ಲ. ಮನೇಲಿ ಕುಡಿಯೋಕೆ ನೀರಿಲ್ಲ, ಇವನು ಸೌದೆಗೆ ಸುರೀತಾನಲ್ಲ ಅಂತ ಒಬ್ಬನಾದರೂ ಗೊಣಗಿರ್ತಾನೆ. ಆದರೂ ಮೂರನೇ ಸಲ ತಂದು ಹುಯ್ದರು. ಬಾಯಲ್ಲಿ ಉತ್ತರ ಬರದವರ ಕೈ ಅಷ್ಟೊತ್ತಿಗೆ ಉತ್ತರ ಕೊಟ್ಟಾಗಿತ್ತು ಅಂತ ನನಗೆ ಅನ್ನಿಸುತ್ತೆ.

ಮನೆಗೆ ಬರುವಾಗ ಅಕ್ಕನ ಮಗಳು ಕೇಳಿದಳು. "ಚಿಕ್ಕಮ್ಮ, ಸಂಶಯ ಇರೋರು ದೃಢೀಕರಣ ತಗೋಬಾರದು ಅಂತ ತಾನೆ ಅಯ್ಯನವರು ಹೇಳಿದ್ದು?" ದೃಢೀಕರಣ ಅಂದ್ರೆ ದೊಡ್ಡವರಾದ ಮೇಲೆ ಸಭೆಯ ಮುಂದೆ ತಮ್ಮ ನಂಬಿಕೆಯನ್ನು ತಾವೇ ಒಪ್ಪಿ ಹೇಳೋ ವಿಧಿ. ಅದರ ಕ್ಲಾಸಿಗೆ ಹೆಸರು ಕೊಡು ಅಂತ ಅಕ್ಕ ಅವಳ ಹಿಂದೆ ಬಿದ್ದಿದ್ದಾಳೆ.

ಅಯ್ಯನವರ ಮೇಲೆ ನನಗೆ ಗೌರವ ಇದೆ. ಆದರೆ ಸಂಶಯ, ಎರಡು ಮನಸ್ಸು ಇವೆರಡನ್ನೂ ಅವರು ಒಂದೇ ಗಂಟು ಕಟ್ಟಿದ್ದು ಒಪ್ಪಿಗೆಯಾಗಲಿಲ್ಲ. ಮಾರ್ಕನ ಸುವಾರ್ತೆ 9ನೇ ಅಧ್ಯಾಯದಲ್ಲಿ ಒಬ್ಬ ಅಪ್ಪ ಕಾಯಿಲೆಯ ಮಗನನ್ನು ಕರಕೊಂಡು ಬರ್ತಾನೆ. ನಂಬ್ತೀನಿ, ನಂಬಿಕೆ ಸಾಲದ ಕಡೆ ನೀನೇ ಸಹಾಯ ಮಾಡು ಅಂತ ಕೂಗಿ ಹೇಳ್ತಾನೆ. ಯೇಸು ಅವನಿಗೆ, ಮೊದಲು ಸಂಶಯ ತೀರಿಸಿಕೊಂಡು ಬಾ ಅನ್ನಲಿಲ್ಲ. ಹುಡುಗ ವಾಸಿಯಾದ. ಮುಂದಿನ ಅಧ್ಯಾಯದಲ್ಲೇ ಇನ್ನೊಬ್ಬ ಓಡಿ ಬಂದು ಮೊಣಕಾಲೂರುತ್ತಾನೆ. ಚಿಕ್ಕಂದಿನಿಂದ ಎಲ್ಲ ಆಜ್ಞೆ ಪಾಲಿಸಿದವನು. ಅವನ ಬಾಯಲ್ಲಿ ಸಂಶಯದ ಒಂದು ಮಾತೂ ಇಲ್ಲ. ಇರೋದನ್ನೆಲ್ಲ ಮಾರಿ ಬಡವರಿಗೆ ಕೊಟ್ಟು ಬಾ ಅಂದಾಗ ಮುಖ ಬಾಡಿತು, ಎದ್ದು ಹೋದ. ಆಸ್ತಿ ಜಾಸ್ತಿ ಇತ್ತು. ಯೇಸು ಅವನನ್ನು ನೋಡಿ ಪ್ರೀತಿಸಿದ ಅಂತ ಅಲ್ಲೇ ಬರೆದಿದೆ. ಆದರೂ ಹಿಂದೆ ಕರೆಯಲಿಲ್ಲ.

ಊಟಕ್ಕೆ ದೊಡ್ಡಪ್ಪನ ಮನೆಗೆ ಹೋಗಿದ್ವಿ. ನಮ್ಮ ವಾದ ಕೇಳಿಸಿಕೊಂಡು ದೊಡ್ಡಪ್ಪ ತೋಟಕ್ಕೆ ಇಳಿದರು. "ನೋಡಮ್ಮ, ಮಳೆ ಬರದೇ ಇದ್ರೆ ಮೊಗ್ಗು ಕಾಯುತ್ತೆ. ಒಂದಿಂಚು ಬಿದ್ರೆ ಅರಳುತ್ತೆ. ಈ ಇಪ್ಪತ್ತು ಸೆಂಟ್ಸ್, ಮೂವತ್ತು ಸೆಂಟ್ಸ್ ಬಿದ್ದು ನಿಂತುಬಿಡುತ್ತಲ್ಲ, ಅದೇ ಕೆಟ್ಟದ್ದು. ಮೊಗ್ಗು ಉಬ್ಬುತ್ತೆ, ಅರಳಲ್ಲ. ಕಾದಿದ್ದೂ ಹೋಯ್ತು, ಫಸಲೂ ಹೋಯ್ತು." ಮಳೆ ಅಳೆಯೋ ಲೆಕ್ಕದಲ್ಲಿ ನೂರು ಸೆಂಟ್ಸ್ ಅಂದ್ರೆ ಒಂದಿಂಚು. ಆಮೇಲೆ, "ಲವೊದಿಕೀಯದವರಿಗೆ ಬೈದಿರೋದು ಇದಕ್ಕೇ" ಅಂತ ಸೇರಿಸಿದರು. ಬಿಸಿಯೂ ಅಲ್ಲದೆ ತಣ್ಣಗೂ ಇಲ್ಲದೆ ಉಗುರುಬೆಚ್ಚಗಿದ್ದ ಲವೊದಿಕೀಯ ಊರಿನ ಸಭೆ, ಬೈಬಲಿನ ಕೊನೆಯ ಪುಸ್ತಕ ಪ್ರಕಟನೆಯ ಮೂರನೇ ಅಧ್ಯಾಯ.

ಆ ಊರಿನ ಕಥೆ ಇನ್ನೂ ಇದೆ. ಕ್ರಿ.ಶ. 60ರ ಭೂಕಂಪದಲ್ಲಿ ಲವೊದಿಕೀಯ ಬಿದ್ದುಹೋದಾಗ ರೋಮಿನ ನೆರವಿಲ್ಲದೆ ಸ್ವಂತ ದುಡ್ಡಲ್ಲೇ ಮತ್ತೆ ಕಟ್ಟಿಕೊಂಡರು ಅಂತ ರೋಮಿನ ಇತಿಹಾಸಕಾರ ಟ್ಯಾಸಿಟಸ್ ಬರೆದಿದ್ದಾನೆ. ನಮಗೆ ಯಾರ ಹಂಗೂ ಇಲ್ಲ ಅನ್ನೋ ಊರು. ಅಲ್ಲಿನ ಸಭೆಗೂ ಅದೇ ಗಾಳಿ ತಾಗಿತ್ತು. ಕಾಫಿ ಬೆಲೆ ನೆಲ ಕಚ್ಚಿದ್ದಾಗ ನಮ್ಮ ಉಪವಾಸ ಪ್ರಾರ್ಥನೆಗೆ ಚಾಪೆ ಸಾಲುತ್ತಿರಲಿಲ್ಲ. ಈ 2025ರ ಶುರುವಲ್ಲಿ ಹಿಂದೆಂದೂ ಇಲ್ಲದ ಬೆಲೆ ಬಂತು, ಚಾಪೆ ಮೂಲೆಯಲ್ಲಿ ಸುತ್ತಿಟ್ಟಲ್ಲೇ ಇದೆ. ದೊಡ್ಡಪ್ಪನ ಮುಂದೆ ಇದನ್ನ ಹೇಳೋಕೆ ಹೋಗಲಿಲ್ಲ. ಊಟ ಚೆನ್ನಾಗಿತ್ತು.

ಕ್ಲಾಸಿಗೆ ಹೆಸರು ಕೊಡೋಕೆ ಈಸ್ಟರ್ ತನಕ ಸಮಯ ಇದೆ. ಅವಳು ಇನ್ನೂ ಹೂಂ ಅಂದಿಲ್ಲ. ಅಲ್ಲಿ ಪ್ರಶ್ನೆ ಕೇಳೋಕೆ ಬಿಡ್ತಾರಾ ಅಂತ ಮಾತ್ರ ಕೇಳಿದಳು. ಬಿಡದೇ ಇದ್ರೆ ನಾನೇ ಬಂದು ಹಿಂದಿನ ಬೆಂಚಲ್ಲಿ ಕೂತು ಕೇಳ್ತೀನಿ ಅಂದೆ.