ನಾಚಿಕೆ ಆಗಲ್ವಾ ಅಂತ ಕೇಳುವವರಿಗೆ

ಆಗಲ್ಲ. ಕೇಳಿದವರು ಇಷ್ಟಕ್ಕೇ ಬಿಟ್ಟರೆ ನಾನು ಇದನ್ನು ಬರೆಯುತ್ತಲೇ ಇರಲಿಲ್ಲ.

ನಾವು ಎಲ್ಲಿಗಾದರೂ ಪ್ರವಾಸ ಹೋಗಿ ಬರುತ್ತೇವೆ. ಹೋಟೆಲಿನ ಈಜುಕೊಳದ ಒಂದು ಫೋಟೋ ಮನೆಯವರ ವಾಟ್ಸಾಪ್ ಗುಂಪಿಗೆ ಹೋಗುತ್ತದೆ. ಮುಂದಿನ ಮದುವೆ ಊಟದಲ್ಲಿ ಪಕ್ಕದ ಎಲೆಯವರು ದನಿ ತಗ್ಗಿಸುತ್ತಾರೆ. "ಅಷ್ಟು ಜನರ ಮುಂದೆ ಅದನ್ನ ಹಾಕೋಕೆ ನಿಂಗೆ ಒಂಥರಾ ಅನ್ಸಲ್ವಾ?" ಬಿಕಿನಿ ಅನ್ನುವ ಪದ ಬಾಯಿಗೆ ಬರುವುದಿಲ್ಲ, "ಅದು" ಅನ್ನುತ್ತಾರೆ. ಸಾರು ಬರುವ ಹೊತ್ತಿಗೆ ಎರಡನೆಯ ಪ್ರಶ್ನೆ ಸಿದ್ಧ. "ಗಂಡ ಏನೂ ಅನ್ನಲ್ವಾ?" ಅದೇ ಫೋಟೋದಲ್ಲಿ ನನ್ನ ಗಂಡ ಬರೀ ಚಡ್ಡಿಯಲ್ಲಿ ನಿಂತಿದ್ದಾರೆ. ಅವರನ್ನು ಇವತ್ತಿನವರೆಗೆ ಯಾರೂ ಏನೂ ಕೇಳಿಲ್ಲ.

ಹೊಗಳುವವರ ಮೇಲೆ ನನಗೆ ಇನ್ನೂ ಜಾಸ್ತಿ ಸಿಟ್ಟು. "ನಿನ್ನ ಧೈರ್ಯ ಮೆಚ್ಚಬೇಕು ಕಣೆ" ಅನ್ನುತ್ತಾರೆ. ನಾನು ಈಜು ಕಲಿತದ್ದು ಮೂವತ್ತಾರನೇ ವಯಸ್ಸಿನಲ್ಲಿ, ಬೆಂಗಳೂರಿನ ಒಂದು ಕೊಳದ ಹೆಂಗಸರ ಬ್ಯಾಚಿನಲ್ಲಿ. ನಾಲ್ಕು ಅಡಿ ನೀರಿನಲ್ಲಿ ಕಂಬಿ ಹಿಡಿದುಕೊಂಡು ಮೂರು ದಿನ ನಡುಗಿದ್ದೇನೆ. ಧೈರ್ಯ ಬೇಕಾಗಿದ್ದು ಆಗ. ಅದನ್ನು ಯಾರೂ ಮೆಚ್ಚಲಿಲ್ಲ.

ಮೈ ಮುಚ್ಚುವ ಈಜುಡುಗೆ ಸಿಗಲ್ವಾ ಅಂತಲೂ ಕೇಳುತ್ತಾರೆ. ಸಿಗುತ್ತದೆ. ತೋಳು, ಮೊಣಕಾಲು ಮುಚ್ಚುವಂಥದ್ದನ್ನು ಎರಡು ವರ್ಷ ನಾನೇ ಹಾಕಿದ್ದೇನೆ. ಅದರಲ್ಲೂ ಚೆನ್ನಾಗಿಯೇ ಈಜಬಹುದು. ಆದರೆ ಹೊಟ್ಟೆಗೆ, ಬೆನ್ನಿಗೆ ನೇರವಾಗಿ ನೀರು ತಾಕುವುದು ನನಗೆ ಇಷ್ಟ. ಇಷ್ಟ ಅನ್ನುವುದೇ ಸಾಕಷ್ಟು ದೊಡ್ಡ ಕಾರಣ ಅಲ್ವಾ? ಇದೇನು ಈ ಕಾಲದ ಹುಡುಗಿಯರ ಹೊಸ ಚಾಳಿಯೂ ಅಲ್ಲ. ಲೂಯಿ ರೇಯಾರ್ ಎಂಬಾತ ಪ್ಯಾರಿಸ್ಸಿನ ಒಂದು ಈಜುಕೊಳದಲ್ಲಿ ಬಿಕಿನಿಯನ್ನು ಮೊದಲು ತೋರಿಸಿದ್ದು 1946ರ ಜುಲೈ 5ರಂದು. ನನ್ನ ಅಮ್ಮ ಆಗಿನ್ನೂ ಹುಟ್ಟಿರಲಿಲ್ಲ.

ಹಾಗಂತ ಎಲ್ಲ ಕಡೆ ಹಾಕುತ್ತೇನಾ? ಇಲ್ಲ. ಮಾಲ್ಡೀವ್ಸಿನ ಮಾಫುಶಿ ದ್ವೀಪದಲ್ಲಿ ಊರಿನ ಜನ ವಾಸ ಇದ್ದಾರೆ. ಅಲ್ಲಿ ಬಿಕಿನಿಗೆ ಅಂತಲೇ ಒಂದು ಕಡಲ ದಂಡೆ ಬಿಟ್ಟುಕೊಟ್ಟಿದ್ದಾರೆ. ಅಲ್ಲಿಯವರೆಗೆ ನಾನು ಅಂಗಿ, ಪೈಜಾಮದಲ್ಲಿ ನಡೆದು ಹೋದೆ. ಅದು ಅವರ ಊರು. ಹೋಟೆಲಿನ ಕೊಳ ಈಜುವವರ ಜಾಗ. ಅಲ್ಲಿ ಈಜುಡುಗೆ ಹಾಕಿದ್ದಕ್ಕೆ ನಾನು ಸಮಜಾಯಿಷಿ ಕೊಡುವುದಿಲ್ಲ.

ಪುದುಚೇರಿಯ ಒಂದು ಸಂಜೆ ಮಾತ್ರ ಮರೆಯಲು ಆಗುತ್ತಿಲ್ಲ.

ಹದಿನಾಲ್ಕು ಜನ ಹೋಗಿದ್ದೆವು. ಚಿಕ್ಕಮ್ಮನಿಗೆ ಆಗ ಐವತ್ತೆಂಟು. ಕೊಳದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದವರು ಮಕ್ಕಳ ಖುಷಿ ನೋಡಿ ಚೂಡಿದಾರದಲ್ಲೇ ಮೆಲ್ಲಗೆ ನೀರಿಗೆ ಇಳಿದರು. ಎದೆಮಟ್ಟದ ನೀರಿನಲ್ಲಿ ನಿಂತು ಎರಡೂ ಕೈಯಲ್ಲಿ ನೀರು ತಳ್ಳುತ್ತಾ ನಗುತ್ತಿದ್ದರು. ಅಷ್ಟರಲ್ಲಿ ಕಾವಲಿನ ಹುಡುಗ ಸೀಟಿ ಊದಿದ. ಹತ್ತಿಬಟ್ಟೆ ಹಾಕಿಕೊಂಡು ಇಳಿಯುವ ಹಾಗಿಲ್ಲ, ಮೇಲೆ ಬನ್ನಿ ಅಂದ.

ಆ ನಿಯಮಕ್ಕೆ ಕಾರಣ ಇದೆ. ಹತ್ತಿಯ ನೂಲು ಬಿಟ್ಟುಕೊಂಡು ಸೋಸುವ ಯಂತ್ರಕ್ಕೆ ಸಿಕ್ಕಿಕೊಳ್ಳುತ್ತದೆ. ಬಣ್ಣ ಹೋಗುತ್ತದೆ. ಸಡಿಲ ಬಟ್ಟೆ ನೀರು ಕುಡಿದು ಭಾರವಾಗಿ ಕೈಕಾಲಿಗೆ ಸುತ್ತಿಕೊಳ್ಳುತ್ತದೆ. ಇದು ಹೆಂಗಸರಿಗೆ ಮಾತ್ರ ಅಂತಲೂ ಅಲ್ಲ. ಫ್ರಾನ್ಸಿನ ಸಾರ್ವಜನಿಕ ಕೊಳಗಳಲ್ಲಿ ಗಂಡಸರ ಸಡಿಲ ಚಡ್ಡಿಯನ್ನೇ ಬಿಡುವುದಿಲ್ಲ. ಎಲ್ಲ ಸರಿ. ಆದರೆ ಆ ಮಾತನ್ನು ಹತ್ತಿರ ಬಂದು ಹೇಳಬಹುದಿತ್ತು.

ಚಿಕ್ಕಮ್ಮ ಮೆಟ್ಟಿಲು ಹತ್ತಿ ಬಂದರು. ಒದ್ದೆ ಬಟ್ಟೆ ಮೈಗೆ ಅಂಟಿತ್ತು. ನನ್ನ ಬಿಕಿನಿಯಲ್ಲಿ ಕಾಣದ್ದೆಲ್ಲ ಆ ಚೂಡಿದಾರದಲ್ಲಿ ಕಾಣುತ್ತಿತ್ತು. ಸುತ್ತ ಕೂತವರೆಲ್ಲ ತಿರುಗಿ ನೋಡಿದರು. ನಾನು ಓಡಿ ಹೋಗಿ ಟವೆಲ್ ಸುತ್ತಿದೆ. ಅವರು ಚಳಿಗೆ ನಡುಗುತ್ತಿದ್ದಾರೆ ಅಂದುಕೊಂಡೆ. ಚಳಿ ಇರಲಿಲ್ಲ.

ಆಮೇಲೆ ಇಬ್ಬರೂ ಗೋಡೆಯ ಪಕ್ಕ ಕೂತೆವು. ತವರಿನ ತೋಟದ ಬಾವಿಯ ಕತೆ ಹೇಳಿದರು. ಒಣಗಿದ ಸೋರೆಬುರುಡೆ ಬೆನ್ನಿಗೆ ಕಟ್ಟಿ ಅಣ್ಣತಮ್ಮಂದಿರನ್ನೆಲ್ಲ ಬಾವಿಗೆ ಇಳಿಸುತ್ತಿದ್ದರಂತೆ. ಬೇಸಿಗೆ ಮುಗಿಯುವಷ್ಟರಲ್ಲಿ ಎಲ್ಲರಿಗೂ ಈಜು ಬಂತು. ಇವರ ಕೆಲಸ ಮೇಲೆ ಕೂತು ಅವರ ಬಟ್ಟೆ ಕಾಯುವುದು. ಲಂಗ ಉಟ್ಟ ಹುಡುಗಿ ಬಾವಿಗೆ ಹೇಗೆ ಇಳಿಯೋದು? ಮನೆಯಲ್ಲಿ ಯಾರೂ ಆ ಪ್ರಶ್ನೆಯನ್ನು ಬಿಡಿಸಲಿಲ್ಲ, ಹುಡುಗಿಯನ್ನು ಮೇಲೆ ಕೂರಿಸಿದರು.

ಬಟ್ಟೆಯ ಮಾತು ಬಂದಾಗೆಲ್ಲ ನನ್ನ ತಲೆಗೆ ಬರುವುದು ಇದೇ. ನಮ್ಮ ದೇಶದಲ್ಲಿ ವರ್ಷಕ್ಕೆ 30,000ಕ್ಕೂ ಹೆಚ್ಚು ಜನ ನೀರಿನಲ್ಲಿ ಮುಳುಗಿ ಸಾಯುತ್ತಾರೆ. ಕೃಷಿ ಹೊಂಡದ ಪ್ಲಾಸ್ಟಿಕ್ ಹಾಳೆಯ ಮೇಲೆ ಮಗು ಜಾರುತ್ತದೆ. ಹಿಡಿಯಲು ಹೋದ ತಾಯಿಯೂ ಹೋಗುತ್ತಾಳೆ. ಪೇಪರಿನ ಒಳಪುಟದಲ್ಲಿ ಈ ಸುದ್ದಿ ನೀವೂ ಓದಿರುತ್ತೀರಿ. ಆ ತಾಯಿಗೆ ಯಾಕೆ ಈಜು ಬರುತ್ತಿರಲಿಲ್ಲ ಅಂತ ಕೇಳಿ. ನನ್ನನ್ನೂ ಈಜಿನ ಬಗ್ಗೆಯೇ ಕೇಳಿ. ಎಲ್ಲಿ ಕಲಿತೆ, ಎಷ್ಟು ದಿನ ಬೇಕಾಯಿತು, ಮಂಡಿ ನೋವಿದ್ದರೆ ಆಗುತ್ತಾ, ಐವತ್ತು ದಾಟಿದವರನ್ನು ಸೇರಿಸಿಕೊಳ್ಳುತ್ತಾರಾ? ಸೇರಿಸಿಕೊಳ್ಳುತ್ತಾರೆ. ನನ್ನ ಬ್ಯಾಚಿನಲ್ಲಿ ಇಬ್ಬರು ಅಜ್ಜಿಯಂದಿರಿದ್ದರು. ಮೊದಲು ಕಲಿಸುವುದು ನೀರಿನೊಳಗೆ ಮುಖ ಇಟ್ಟು ಉಸಿರು ಬಿಡುವುದು. ಆಮೇಲೆ ತೇಲುವುದು. ಗಾಬರಿಯಾಗದೆ ತೇಲಲು ಬಂದರೆ ಅರ್ಧ ಈಜು ಬಂದ ಹಾಗೆ. ಎಷ್ಟು ಹೊತ್ತು ಬೇಕಾದರೂ ಕೂತು ಹೇಳುತ್ತೇನೆ.

ಅವತ್ತು ಚಿಕ್ಕಮ್ಮ ನನ್ನ ಬಿಕಿನಿಯ ಬಗ್ಗೆ ಒಂದು ಮಾತೂ ಆಡಲಿಲ್ಲ. ಟವೆಲ್ಲಿನೊಳಗೆ ಮುದುರಿಕೊಂಡು ನೀರನ್ನೇ ನೋಡುತ್ತಿದ್ದರು. ಸ್ವಲ್ಪ ಹೊತ್ತಾದ ಮೇಲೆ ಕೇಳಿದರು.

"ಮುಳುಗಿದಾಗ ಒಳಗೆ ಕಣ್ಣು ಬಿಡ್ತೀಯಾ? ಏನು ಕಾಣುತ್ತೆ?"

ಈಜುವಾಗ ಹಾಕುವ ಕನ್ನಡಕ ಹಾಕಿಕೊಂಡು ಕಣ್ಣು ಬಿಡುತ್ತೇನೆ ಅಂದೆ. ನೆಲದ ಮೇಲೆ ಬಿಸಿಲು ಬಲೆಯ ಹಾಗೆ ಅಲುಗಾಡುತ್ತದೆ. ಮಕ್ಕಳ ಕಾಲು ಮಾತ್ರ ಕಾಣುತ್ತದೆ, ಅವರ ಗಲಾಟೆ ಎಲ್ಲೋ ದೂರದಿಂದ ಕೇಳಿದ ಹಾಗಿರುತ್ತದೆ. ನಮ್ಮ ಕೈಯೇ ಸ್ವಲ್ಪ ದೊಡ್ಡದಾಗಿ ಕಾಣುತ್ತದೆ. ಹೀಗೇ ಹೇಳುತ್ತಾ ಹೋದೆ. ದೀಪ ಹಾಕುವವರೆಗೂ ಅವರು ಕೇಳಿಸಿಕೊಂಡರು.