ಲೈಸೆನ್ಸ್ ಬದಲಾಯಿಸಲು ಹೋಗಿ ಕತ್ತು ತಿರುಗಿಸಲು ಕಲಿತದ್ದು

ಜರ್ಮನಿಗೆ ಬರುವ ನರ್ಸ್‌ಗಳ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆ ಇದು: "ಅಕ್ಕಾ, ನಮ್ಮ ಇಂಡಿಯನ್ ಲೈಸೆನ್ಸ್ ಅಲ್ಲಿ ನಡೆಯುತ್ತಾ?" ನಡೆಯುತ್ತೆ, ಆರು ತಿಂಗಳು. ಆಮೇಲೆ ನಡೆಯಲ್ಲ. ಇಷ್ಟು ಟೈಪ್ ಮಾಡಿ ಕಳಿಸಿದರೆ ಇನ್ನೂ ಹತ್ತು ಪ್ರಶ್ನೆ ಬರುತ್ತವೆ. ಅದಕ್ಕೇ ಒಂದು ಸಲ ಕೂತು ಎಲ್ಲವನ್ನೂ ಬರೆದಿಡುತ್ತಿದ್ದೇನೆ.

ನಾನಿರುವುದು ಕಾಸೆಲ್‌ನಲ್ಲಿ. ಮೊದಲು ಇಲ್ಲಿನ ಆಸ್ಪತ್ರೆಯೊಂದರಲ್ಲಿ ಕೆಲಸ, ಜೊತೆಗೆ ಭಾರತದ ನರ್ಸಿಂಗ್ ಓದಿಗೆ ಇಲ್ಲಿನ ಮಾನ್ಯತೆ ಪಡೆಯುವ ಹೋರಾಟ. ಊರೊಳಗೆ ಟ್ರಾಮ್ ಇದೆ, ಕಾರಿನ ಯೋಚನೆ ಬರಲಿಲ್ಲ. ಮಾನ್ಯತೆಯ ಪತ್ರ ಕೈಗೆ ಬಂದ ಮೇಲೆ ವಾರ್ಡು ಸಾಕೆನಿಸಿತು. ಮನೆಮನೆಗೆ ಹೋಗಿ ವಯಸ್ಸಾದವರಿಗೆ ಇನ್ಸುಲಿನ್ ಕೊಡುವುದು, ಗಾಯಕ್ಕೆ ಡ್ರೆಸಿಂಗ್ ಮಾಡುವುದು, ಬಿಗಿ ಸಾಕ್ಸ್ ಹಾಕುವುದು ಇಲ್ಲಿ ದೊಡ್ಡ ವೃತ್ತಿ. ಅದಕ್ಕೆ ಸೇರಬೇಕೆಂದು ಜಾಹೀರಾತು ನೋಡಿದರೆ ಪ್ರತಿಯೊಂದರ ಕೊನೆಯಲ್ಲೂ ಒಂದೇ ಸಾಲು: ಬಿ ವರ್ಗದ, ಅಂದರೆ ಕಾರಿನ, ಡ್ರೈವಿಂಗ್ ಲೈಸೆನ್ಸ್ ಕಡ್ಡಾಯ. ನನ್ನ ಆರು ತಿಂಗಳು ಯಾವತ್ತೋ ಮುಗಿದಿತ್ತು.

ಈ ಆರು ತಿಂಗಳ ಲೆಕ್ಕ ಶುರುವಾಗುವುದು ಇಲ್ಲಿ ವಾಸಕ್ಕೆ ನಿಂತ ದಿನದಿಂದ. ಇಂಟರ್‌ನ್ಯಾಷನಲ್ ಪರ್ಮಿಟ್ ತಂದಿದ್ದೇನೆ, ಅದರ ಮೇಲೆ ಒಂದು ವರ್ಷ ಎಂದಿದೆ ಎಂದು ಹಲವರು ವಾದ ಮಾಡುತ್ತಾರೆ. ವಾದ ಮಾಡಿ ಪ್ರಯೋಜನವಿಲ್ಲ. ಆ ಪುಸ್ತಕಕ್ಕೆ ಆರು ತಿಂಗಳನ್ನು ಹಿಗ್ಗಿಸುವ ಶಕ್ತಿ ಇಲ್ಲ. ಇಲ್ಲಿರುವುದು 12 ತಿಂಗಳಿಗಿಂತ ಹೆಚ್ಚಲ್ಲ ಎಂದು ಲೈಸೆನ್ಸ್ ಕಚೇರಿಗೆ ಮನವರಿಕೆ ಮಾಡಿಕೊಟ್ಟವರಿಗೆ ಮಾತ್ರ ಅವಧಿ ವಿಸ್ತರಣೆ ಸಿಗುತ್ತದೆ. ನಮ್ಮಂತೆ ಕಾಯಂ ಕೆಲಸಕ್ಕೆ ಬಂದವರಿಗೆ ಅದು ಅನ್ವಯಿಸದು. ಅವಧಿ ಮುಗಿದ ಮೇಲೂ ಓಡಿಸಿದರೆ ಅದು ದಂಡ ಕಟ್ಟಿ ಮರೆಯುವ ಸಂಗತಿಯಲ್ಲ, ಕ್ರಿಮಿನಲ್ ಅಪರಾಧ. ಕಾನೂನಿನಲ್ಲಿ ಒಂದು ವರ್ಷದವರೆಗೆ ಜೈಲು ಅಥವಾ ದಂಡ ಎಂದಿದೆ. ಆದರೆ ಆರು ತಿಂಗಳು ದಾಟಿತೆಂದು ಭಾರತದ ಲೈಸೆನ್ಸನ್ನು ಜರ್ಮನ್ ಲೈಸೆನ್ಸಿಗೆ ಬದಲಾಯಿಸಿಕೊಳ್ಳುವ ಹಕ್ಕು ಹೋಗುವುದಿಲ್ಲ. ಇದು ಗೊತ್ತಿಲ್ಲದೆ ಹೊಸದಾಗಿ ಡ್ರೈವಿಂಗ್ ಸ್ಕೂಲ್ ಸೇರಿ ಎಲ್ಲ ಕ್ಲಾಸಿಗೂ ಹಣ ಕಟ್ಟಿದವರನ್ನು ನೋಡಿದ್ದೇನೆ.

ಬದಲಾವಣೆ ಎಂದ ಕೂಡಲೇ ಕೌಂಟರಿನಲ್ಲಿ ಹಳೆಯ ಕಾರ್ಡ್ ಕೊಟ್ಟು ಹೊಸ ಕಾರ್ಡ್ ತರುವುದು ಎಂದುಕೊಳ್ಳಬೇಡಿ. ಆ ಭಾಗ್ಯ ಕೆಲವರಿಗಷ್ಟೇ. ಜರ್ಮನಿಯ ನಿಯಮಾವಳಿಯಲ್ಲಿ ದೇಶಗಳ ಒಂದು ಪಟ್ಟಿ ಇದೆ, 'ಅನುಬಂಧ 11' ಎನ್ನುತ್ತಾರೆ. ಸ್ವಿಟ್ಜರ್ಲೆಂಡ್, ಜಪಾನ್, ದಕ್ಷಿಣ ಕೊರಿಯಾ, ದಕ್ಷಿಣ ಆಫ್ರಿಕಾ ಅದರಲ್ಲಿವೆ. ಅವರಿಗೆ ಕಾರಿನ ಲೈಸೆನ್ಸಿಗೆ ಪರೀಕ್ಷೆಯೇ ಇಲ್ಲ. ಅಮೆರಿಕದಲ್ಲಿ ಒಂದೊಂದು ರಾಜ್ಯಕ್ಕೂ ಒಂದೊಂದು ನ್ಯಾಯ: ಟೆಕ್ಸಸ್‌ನವರಿಗೆ ಪೂರ್ತಿ ವಿನಾಯಿತಿ, ಫ್ಲೋರಿಡಾದವರು ಥಿಯರಿ ಬರೆಯಬೇಕು. ಭಾರತ ಪಟ್ಟಿಯಲ್ಲಿಲ್ಲ. ನಾವು ಎಡಬದಿಯಲ್ಲಿ ಓಡಿಸುವವರು, ಅದಕ್ಕೇ ಬಿಟ್ಟಿದ್ದಾರೆ ಎಂದು ಒಬ್ಬರು ನನಗೆ ಬಹಳ ಖಚಿತವಾಗಿ ಹೇಳಿದರು. ಜಪಾನಿನವರೂ ದಕ್ಷಿಣ ಆಫ್ರಿಕಾದವರೂ ಎಡಬದಿಯಲ್ಲೇ ಓಡಿಸುವುದು. ಒಬ್ಬೊಬ್ಬರಾಗಿ ನಾವು ಎಷ್ಟು ಚೆನ್ನಾಗಿ ಓಡಿಸುತ್ತೇವೆ ಎಂಬುದಕ್ಕೂ ಆ ಪಟ್ಟಿಗೂ ಸಂಬಂಧವಿಲ್ಲ. ಬೇಸರ ಮಾಡಿಕೊಳ್ಳುವುದಾದರೆ ಒಂದು ಸಂಜೆ ಮಾಡಿಕೊಂಡು ಬಿಟ್ಟುಬಿಡಿ.

ನಮ್ಮಂಥವರಿಗೆ ಸಿಗುವ ರಿಯಾಯಿತಿ ಒಂದೇ: ಕ್ಲಾಸುಗಳು ಕಡ್ಡಾಯವಲ್ಲ. ಹೊಸಬರು ಇಷ್ಟು ಗಂಟೆ ಥಿಯರಿ ಪಾಠಕ್ಕೆ ಕೂರಲೇಬೇಕು, ರಾತ್ರಿ ಇಷ್ಟು, ಹೆದ್ದಾರಿಯಲ್ಲಿ ಇಷ್ಟು ಓಡಿಸಲೇಬೇಕು ಎಂದಿದೆ. ನಮಗೆ ಅದಿಲ್ಲ. ಪರೀಕ್ಷೆ ಮಾತ್ರ ಥಿಯರಿ, ರಸ್ತೆ ಎರಡೂ ಇವೆ, ಅವರಿಗೆ ಇಡುವ ಪರೀಕ್ಷೆಯೇ.

ಅರ್ಜಿಯ ಜೊತೆ ಪಾಸ್‌ಪೋರ್ಟು, ವಿಳಾಸ ನೋಂದಣಿಯ ಕಾಗದ, ಫೋಟೋ, ಕಣ್ಣಿನ ಪರೀಕ್ಷೆಯ ಚೀಟಿ, ಮೂಲ ಲೈಸೆನ್ಸ್, ಅದರ ಜರ್ಮನ್ ಅನುವಾದ ಕೊಡಬೇಕು. ಕಾರ್ಡ್ ಇಂಗ್ಲಿಷಿನಲ್ಲೇ ಇದೆಯಲ್ಲ ಎಂದರೆ ಕೇಳುವುದಿಲ್ಲ. ಎಡಿಎಸಿ ಎಂಬ ವಾಹನ ಸವಾರರ ಸಂಘ ಈ ಅನುವಾದ ಮಾಡಿಕೊಡುತ್ತದೆ. ಎಲ್‌ಎಂವಿ (ಕಾರಿನಂಥ ಹಗುರ ವಾಹನ) ಎಂದರೆ ಇಲ್ಲಿನ ಯಾವ ವರ್ಗ, ಎಂಸಿಡಬ್ಲ್ಯುಜಿ (ಗೇರಿರುವ ಬೈಕ್) ಎಂದರೆ ಯಾವುದು ಎಂದು ಅದರಲ್ಲೇ ಬಿಡಿಸಿ ಬರೆಯುತ್ತಾರೆ. ಪ್ರಥಮ ಚಿಕಿತ್ಸೆಯ ತರಬೇತಿ ಪತ್ರವೂ ಬೇಕು. ನಮ್ಮವರಿಗೆ ಇಲ್ಲೊಂದು ಕಿವಿಮಾತು: ನರ್ಸಿಂಗ್ ಮಾನ್ಯತೆ ಸಿಕ್ಕಿದ್ದರೆ ಅದನ್ನೇ ತೋರಿಸಿ ಕೇಳಿ. ಆರೋಗ್ಯ ವೃತ್ತಿಯವರ ಅರ್ಹತಾ ಪತ್ರವನ್ನು ಆ ತರಬೇತಿಯ ಬದಲಿಗೆ ಒಪ್ಪಿಕೊಳ್ಳುತ್ತಾರೆ. ಶನಿವಾರವಿಡೀ ಕೂತು ಪ್ಲಾಸ್ಟಿಕ್ ಬೊಂಬೆಯ ಎದೆ ಒತ್ತುವ ಕೆಲಸ ನನಗೆ ಹಾಗೆ ತಪ್ಪಿತು. ಅರ್ಜಿ ಹಾಕಿದ ಮೇಲೆ ತಿಂಗಳುಗಟ್ಟಲೆ ಸದ್ದಿಲ್ಲ. ಆ ಹೊತ್ತಿನಲ್ಲಿ ಥಿಯರಿ ಓದಿಕೊಳ್ಳಬಹುದು.

ಥಿಯರಿಯನ್ನು ಜರ್ಮನ್ ಬಿಟ್ಟು ಇನ್ನೂ 12 ಭಾಷೆಗಳಲ್ಲಿ ಬರೆಯಬಹುದು, ಇಂಗ್ಲಿಷ್ ಅದರಲ್ಲೊಂದು. ಸಾವಿರಕ್ಕೂ ಮೀರಿದ ಪ್ರಶ್ನೆಗಳ ಭಂಡಾರದಿಂದ 30 ಬರುತ್ತವೆ. ಒಂದೊಂದು ಪ್ರಶ್ನೆಗೂ 2ರಿಂದ 5 ಅಂಕದ ತೂಕ, ತಪ್ಪಾದ ಅಂಕಗಳು 10 ದಾಟಿದರೆ ಫೇಲು. ಇದರ ಬಾಲಕ್ಕೊಂದು ನಿಯಮ: 5 ಅಂಕದ ಎರಡು ಪ್ರಶ್ನೆ ತಪ್ಪಾದರೆ, ಒಟ್ಟು 10 ದಾಟದಿದ್ದರೂ ಫೇಲೇ. ಒಂದು ಪ್ರಶ್ನೆಗೆ ಎರಡು ಮೂರು ಸರಿ ಉತ್ತರ ಇರಬಹುದು, ಅಷ್ಟನ್ನೂ ಗುರುತಿಸಬೇಕು. ಕೆಲವಕ್ಕೆ ವಿಡಿಯೊ ತೋರಿಸುತ್ತಾರೆ.

ನನಗೆ ಇದರಲ್ಲಿ ನಿಜವಾಗಿ ಇಷ್ಟವಾದದ್ದು ನಿಲ್ಲುವ ದೂರದ ಲೆಕ್ಕ. ವೇಗವನ್ನು ಹತ್ತರಿಂದ ಭಾಗಿಸಿ ಮೂರರಿಂದ ಗುಣಿಸಿದರೆ, ಕಾಲು ಬ್ರೇಕಿಗೆ ಹೋಗುವುದರೊಳಗೆ ಗಾಡಿ ಸಾಗುವ ದೂರ. ವೇಗವನ್ನು ಹತ್ತರಿಂದ ಭಾಗಿಸಿ ಅದರ ವರ್ಗ ಮಾಡಿದರೆ, ಬ್ರೇಕು ಹಿಡಿದ ಮೇಲೆ ಸಾಗುವ ದೂರ. ಗಂಟೆಗೆ 50 ಕಿ.ಮೀ. ಇದ್ದರೆ 15 ಮತ್ತು 25, ಒಟ್ಟು 40 ಮೀಟರ್. 100 ಇದ್ದರೆ 30 ಮತ್ತು 100, ಒಟ್ಟು 130 ಮೀಟರ್. ವೇಗ ಎರಡರಷ್ಟಾದರೆ ದೂರ ಮೂರು ಪಟ್ಟಿಗೂ ಮೀರುತ್ತದೆ! ಇಷ್ಟು ವರ್ಷ ಗಾಡಿ ಓಡಿಸಿದ್ದೇನೆ, ಯಾರೂ ಇದನ್ನು ನನ್ನಿಂದ ಬಾಯಿಪಾಠ ಮಾಡಿಸಿರಲಿಲ್ಲ.

ಇನ್ನು ರಸ್ತೆಯ ವಿಷಯ. ಇಲ್ಲಿ ಎಲ್-ಬೋರ್ಡ್ ಹಾಕಿಕೊಂಡು ಗಂಡನನ್ನೋ ಗೆಳತಿಯನ್ನೋ ಪಕ್ಕಕ್ಕೆ ಕೂರಿಸಿಕೊಂಡು ಅಭ್ಯಾಸ ಮಾಡುವ ಹಾಗಿಲ್ಲ. ಪರೀಕ್ಷೆಗೂ ಡ್ರೈವಿಂಗ್ ಸ್ಕೂಲಿನ ಕಾರು, ಅಲ್ಲಿನ ಶಿಕ್ಷಕರು ಬೇಕೇ ಬೇಕು. ಹೀಗಾಗಿ ಕಡ್ಡಾಯವಲ್ಲದ ಪಾಠವನ್ನು ಕೊಂಡುಕೊಳ್ಳದೆ ವಿಧಿಯಿಲ್ಲ. ಎರಡು ಪಾಠ ಸಾಕು ಎಂದು ಹೊರಟವರು ಸಾಮಾನ್ಯವಾಗಿ ಫೇಲಾಗಿ ಬಂದು ಮತ್ತಷ್ಟು ಕೊಂಡುಕೊಳ್ಳುತ್ತಾರೆ. ನನ್ನ ವಾರ್ಡಿನಲ್ಲಿದ್ದ ಕೇರಳದ ಹುಡುಗ ಹದಿನೆಂಟಕ್ಕೇ ಸ್ಟಿಯರಿಂಗ್ ಹಿಡಿದವನು, ನನಗಿಂತ ಎಷ್ಟೋ ಚೆನ್ನಾಗಿ ಓಡಿಸುತ್ತಾನೆ; ಅವನ ಪರೀಕ್ಷೆ ಮೊದಲ ಬಡಾವಣೆಯಲ್ಲೇ ಮುಗಿಯಿತು.

ಗೇರು ಬಲಗೈಗೆ ಬಂದದ್ದಾಗಲಿ, ರಸ್ತೆಯ ಬಲಬದಿ ಹಿಡಿಯುವುದಾಗಲಿ ದೊಡ್ಡ ಕಷ್ಟವಲ್ಲ. ಕೈ ಬೇಗ ಕಲಿಯುತ್ತದೆ. ಇಂಡಿಕೇಟರ್ ಕಡ್ಡಿ ಎಡಕ್ಕಿರುವುದರಿಂದ ಮೊದಮೊದಲು ತಿರುವಿನಲ್ಲಿ ವೈಪರ್ ಓಡುತ್ತದೆ, ಎಲ್ಲರಿಗೂ ಆಗುವುದೇ, ಶಿಕ್ಷಕರು ನಗುವುದೂ ಇಲ್ಲ. ಕಲಿಯಲು ಹಟ ಮಾಡುವುದು ಕಣ್ಣು ಮತ್ತು ಕತ್ತು.

ನನ್ನ ಶಿಕ್ಷಕರು ನಿವೃತ್ತಿಯ ಅಂಚಿನಲ್ಲಿದ್ದವರು, ಮಾತು ಕಡಿಮೆ. ಲೇನ್ ಬದಲಿಸುವಾಗ, ಬಲಕ್ಕೆ ತಿರುಗುವಾಗ, ಪಕ್ಕದಿಂದ ಹೊರಡುವಾಗ, ಪ್ರತಿ ಸಲವೂ ಅವರ ಬಾಯಲ್ಲಿ ಒಂದೇ ಶಬ್ದ: "ಭುಜ." ಕನ್ನಡಿ ನೋಡಿದ ಮೇಲೆ ತಲೆ ತಿರುಗಿಸಿ ಭುಜದ ಮೇಲಿಂದ ಹಿಂದೆ ನೋಡಬೇಕು. ಕನ್ನಡಿಗೆ ಕಾಣದ ಜಾಗದಲ್ಲಿ ಸೈಕಲ್ಲಿನವನಿರುತ್ತಾನೆ. ನಾವು ಬಲಕ್ಕೆ ತಿರುಗುವಾಗ ಅವನು ನೇರ ಹೋಗುತ್ತಿದ್ದರೆ ದಾರಿ ಅವನದು. "ನಾನು ನೋಡಿದೆನಲ್ಲ ಸರ್" ಎಂದೆ ಒಮ್ಮೆ. "ನೀವು ನೋಡಿದ್ದು ನನಗೆ ಕಾಣಲಿಲ್ಲ. ಹಿಂದೆ ಕೂತ ಪರೀಕ್ಷಕರಿಗೂ ಕಾಣುವುದಿಲ್ಲ" ಎಂದರು. ಅಂದಿನಿಂದ ಗಲ್ಲ ಭುಜಕ್ಕೆ ತಾಗುವಷ್ಟು ತಿರುಗಿಸಿದೆ. ನಾಟಕ ಎನಿಸುತ್ತಿತ್ತು, ನಿಜ. ಆದರೆ ಒಂದು ಮಧ್ಯಾಹ್ನ ಹಾಗೆ ತಿರುಗಿದಾಗಲೇ ಹಿಂಬಾಗಿಲಿನ ಪಕ್ಕ ಹೆಲ್ಮೆಟ್ ಹಾಕಿದ ಪುಟ್ಟ ಹುಡುಗಿಯೊಬ್ಬಳು ಸೈಕಲ್ಲಿನಲ್ಲಿ ಬರುತ್ತಿದ್ದಳು. ಕನ್ನಡಿಯಲ್ಲಿ ಇರಲೇ ಇಲ್ಲ. ನಾಟಕ ಎನ್ನುವುದನ್ನು ನಿಲ್ಲಿಸಿದೆ.

ಎರಡನೆಯದು ಬಲಗಡೆಯವರಿಗೆ ಮೊದಲ ಹಕ್ಕು. ಗಂಟೆಗೆ 30 ಕಿ.ಮೀ. ಮಿತಿಯ ಬಡಾವಣೆಗಳಲ್ಲಿ ಕೂಡುರಸ್ತೆಗೆ ಸಾಮಾನ್ಯವಾಗಿ ಸಿಗ್ನಲ್ಲೂ ಇಲ್ಲ, ಬೋರ್ಡೂ ಇಲ್ಲ. ನಾನು ಅಗಲ ರಸ್ತೆಯಲ್ಲಿ ನೇರ ಹೋಗುತ್ತಿದ್ದರೂ ಬಲಗಡೆಯ ಓಣಿಯಿಂದ ಬರುವ ಕಾರಿಗೆ ನಿಂತು ದಾರಿ ಬಿಡಬೇಕು. ಕೇರಳದ ಹುಡುಗ ಸಿಕ್ಕಿಬಿದ್ದದ್ದು ಇಲ್ಲೇ. ಸುತ್ತ ಮರ, ಸಾಲಾಗಿ ನಿಲ್ಲಿಸಿದ ಕಾರು, ಓಣಿ ಇರುವುದೇ ಕಾಣುವುದಿಲ್ಲ. ಪ್ರತಿ ಓಣಿಯ ಬಾಯಿಯಲ್ಲೂ ವೇಗ ಇಳಿಸಿ ಇಣುಕುವುದೇ ಕೆಲಸ. ಹಾಗೆ ನೋಡಿದರೆ ಭಾರತದ 1989ರ ರಸ್ತೆ ನಿಯಮಗಳಲ್ಲೂ ಮುಖ್ಯರಸ್ತೆ ಎಂದು ಗುರುತಿಸದ ಕಡೆ ಬಲದಿಂದ ಬರುವವರಿಗೆ ದಾರಿ ಬಿಡಬೇಕು ಎಂದೇ ಬರೆದಿತ್ತು. ನಾವು ಅದನ್ನು ಯಾವ ಕೂಡುರಸ್ತೆಯಲ್ಲಿ ಪಾಲಿಸಿದೆವೋ ನೆನಪಿಲ್ಲ.

ಹಾರ್ನ್ ಬಗ್ಗೆ ಹೇಳುವುದಿದ್ದರೆ ಅಪಾಯದ ಎಚ್ಚರಿಕೆಗೆ, ಊರ ಹೊರಗೆ ಓವರ್‌ಟೇಕ್ ಮಾಡುವಾಗ, ಅಷ್ಟೇ. ಸೈಕಲ್ ದಾಟುವಾಗ ಊರೊಳಗೆ ಒಂದೂವರೆ ಮೀಟರ್, ಊರ ಹೊರಗೆ ಎರಡು ಮೀಟರ್ ಅಂತರ ಬಿಡಬೇಕು. ಅಷ್ಟು ಜಾಗವಿಲ್ಲದಿದ್ದರೆ ಅವನ ಹಿಂದೆಯೇ ತೆವಳಬೇಕು. ಕಾಸೆಲ್ ಬಳಿ ಎ7 ಹೆದ್ದಾರಿ ಗುಡ್ಡ ಹತ್ತಿ ಇಳಿಯುತ್ತದೆ, ಏರಿನಲ್ಲಿ ಲಾರಿಗಳು ಉಸಿರು ಬಿಡುತ್ತಾ ಹೋಗುತ್ತಿರುತ್ತವೆ. ಅವುಗಳ ನಡುವೆ ಸೇರಿಕೊಳ್ಳಲು ಹೆದ್ದಾರಿಗೆ ಸೇರುವ ಲೇನಿನಲ್ಲೇ ಪೂರ್ತಿ ವೇಗ ತೆಗೆಯಬೇಕು. ಹೆದರಿ ನಿಧಾನಿಸಿದರೆ ಅದೇ ಅಪಾಯ. ನನಗೆ ಹೆದ್ದಾರಿ ಸುಲಭ ಅನ್ನಿಸಿತು. ಎಲ್ಲರೂ ಒಂದೇ ದಿಕ್ಕು, ಬಲದಿಂದ ಯಾರೂ ಓವರ್‌ಟೇಕ್ ಮಾಡುವುದಿಲ್ಲ.

ರಸ್ತೆ ಪರೀಕ್ಷೆ 55 ನಿಮಿಷ. 2021ಕ್ಕೆ ಮೊದಲು 45 ಇತ್ತಂತೆ. ಶಿಕ್ಷಕರು ಪಕ್ಕದಲ್ಲಿ, ಪರೀಕ್ಷಕರು ಹಿಂದಿನ ಸೀಟಿನಲ್ಲಿ. ಇದು ಜರ್ಮನ್‌ನಲ್ಲೇ, ಬೇರೆ ಭಾಷೆ ಇಲ್ಲ. ಏನೂ ಹೇಳದಿದ್ದರೆ ನೇರ ಹೋಗಬೇಕು ಎಂದು ಶಿಕ್ಷಕರು ಮೊದಲೇ ಹೇಳಿಕೊಟ್ಟಿದ್ದರು. ಶಿಕ್ಷಕರ ಕಾಲು ಅವರ ಬದಿಯ ಬ್ರೇಕಿಗೆ ಹೋಯಿತೆಂದರೆ ಕಥೆ ಮುಗಿದಂತೆಯೇ. ಹೊರಡುವ ಮುನ್ನ ಟೈರಿನ ಗೀರು ಕನಿಷ್ಠ ಎಷ್ಟು ಆಳ ಇರಬೇಕು ಎಂದು ಕೇಳಿದರು. 1.6 ಮಿಲಿಮೀಟರ್. ಆಮೇಲೆ ಟ್ರಾಮ್ ನಿಂತು ಜನ ರಸ್ತೆಗೇ ಇಳಿಯುವ ನಿಲ್ದಾಣ ಒಂದು ಸಿಕ್ಕಿತು. ಅಲ್ಲಿ ನಡಿಗೆಯ ವೇಗದಲ್ಲಿ ಮಾತ್ರ ಸಾಗಬಹುದು, ಬೇಕಾದರೆ ನಿಲ್ಲಬೇಕು. ನಾನು ನಿಂತೇಬಿಟ್ಟೆ. ಹಿಂದಿನಿಂದ ಪೆನ್ನು ಗೀಚುವ ಸದ್ದು ಕೇಳಿಸಿತು, ಒಳ್ಳೆಯದೋ ಕೆಟ್ಟದ್ದೋ ತಿಳಿಯದೆ ಬೆನ್ನು ಬೆವರಿತು. ರಿವರ್ಸ್ ಪಾರ್ಕಿಂಗ್, ಗಕ್ಕನೆ ಬ್ರೇಕು ಹಾಕಿ ನಿಲ್ಲಿಸುವುದು, ಹೆದ್ದಾರಿ, ಮತ್ತೆ ಬಡಾವಣೆ. ಪಾಸ್.

ಹೊಸ ಕಾರ್ಡ್ ತರಲು ಹೋದಾಗ ಹಳೆಯದನ್ನು ಕೊಡಬೇಕಾಯಿತು. ಒಪ್ಪಂದ ಇರುವ ದೇಶಗಳಿಗಾದರೆ ವಾಪಸು ಕಳಿಸುತ್ತಾರೆ, ಉಳಿದವನ್ನು ಇಲ್ಲೇ ತೆಗೆದಿಡುತ್ತಾರೆ. ಜರ್ಮನ್ ಕಾರ್ಡ್ ಹಿಂದಿರುಗಿಸಿದರೆ ಮಾತ್ರ ಅದು ಮತ್ತೆ ಸಿಗುತ್ತದೆ. ಕೊಡುವ ಮುನ್ನ ಎರಡೂ ಬದಿಯ ಚಿತ್ರ ತೆಗೆದಿಟ್ಟುಕೊಳ್ಳಿ, ಸಂಖ್ಯೆ ಮುಂದೆಂದೋ ಬೇಕಾದೀತು. ಹೊಸ ಚಾಲಕರಿಗೆ ಇರುವ ಎರಡು ವರ್ಷದ ಪರೀಕ್ಷಾರ್ಥ ಅವಧಿ ನನಗೆ ಬರಲಿಲ್ಲ, ಭಾರತದ ಲೈಸೆನ್ಸಿನ ವರ್ಷಗಳನ್ನು ಅದಕ್ಕೆ ಲೆಕ್ಕ ಹಿಡಿಯುತ್ತಾರೆ. ಇಷ್ಟೆಲ್ಲ ಆದ ಮೇಲೆ ಹಳೆಯ ಕಾರ್ಡಿಗೆ ಸಿಕ್ಕ ಮರ್ಯಾದೆ ಇದೊಂದು.

ದ್ವಿಚಕ್ರದ ಹಕ್ಕನ್ನು ಮಾತ್ರ ಬಿಟ್ಟುಕೊಟ್ಟೆ. ಅದೂ ಬೇಕೆಂದರೆ ಆ ವರ್ಗಕ್ಕೆ ಬೇರೆಯೇ ರಸ್ತೆ ಪರೀಕ್ಷೆ, ಬೇರೆಯೇ ಖರ್ಚು, ಮತ್ತೆ "ಭುಜ". ಬಿ ವರ್ಗದ ಜೊತೆ 45 ಕಿ.ಮೀ. ಮೀರದ ಪುಟ್ಟ ಸ್ಕೂಟರ್ ಓಡಿಸುವ ಹಕ್ಕು ತಾನಾಗಿಯೇ ಬರುತ್ತದೆ. ಒಂದು ಕೊಳ್ಳೋಣವೆಂದರೆ ನನ್ನ ರೋಗಿಗಳಲ್ಲಿ ಅರ್ಧ ಜನರ ಮನೆ ಏರಿನ ಮೇಲಿದೆ. ಸದ್ಯಕ್ಕೆ ಸಂಸ್ಥೆಯ ಕಾರೇ ಸಾಕು.